ಕಣದ ಸಿಸಿಟಿವಿ ಅಳವಡಿಸಿದವರ ಮೊಬೈಲ್‌ನಲ್ಲೂ ಕಾಣಿಸುತ್ತಿದೆ: ಏನು ಮಾಡಬೇಕು?

ಗೋಣಿಬೀಡು ಬೆಳೆಗಾರ:

ಮಾನ್ಯರೇ, ನಮ್ಮದು ಮೂಡಿಗೆರೆ ತಾಲ್ಲೂಕಿನಲ್ಲಿ ಹದಿನೆಂಟು ಎಕರೆ ಕಾಫಿ ತೋಟ. ಕಣದಲ್ಲಿ ಹರವಿದ ಕಾಫಿಯೂ ಗೋದಾಮಿನ ಮೆಣಸಿನ ಚೀಲಗಳೂ ಕಳುವಾದ ಸುದ್ದಿ ಅಕ್ಕಪಕ್ಕದಲ್ಲಿ ಕೇಳಿಬಂದದ್ದರಿಂದ ಕಳೆದ ಕೊಯ್ಲಿಗೆ ಮುಂಚೆ ನಾಲ್ಕು ಕ್ಯಾಮೆರಾ ಹಾಕಿಸಿದೆವು. ಕಣಕ್ಕೆ ಒಂದು, ಗೋದಾಮಿನ ಬಾಗಿಲಿಗೆ ಒಂದು, ಕೆಲಸದವರು ವಾಸಿಸುವ ಲೈನ್ ಮನೆಗಳ ಕಡೆಗೆ ಒಂದು, ಗೇಟಿಗೆ ಒಂದು. ಕೆಲಸ ಮುಗಿದ ದಿನ ನನ್ನ ಮೊಬೈಲ್‌ನಲ್ಲಿ ಆ್ಯಪ್ ಹಾಕಿಕೊಟ್ಟರು, ಚಿತ್ರ ಬಂತು, ಹಣ ಕೊಟ್ಟೆವು, ಆಮೇಲೆ ಅದರ ಗೋಜಿಗೆ ಹೋಗಲಿಲ್ಲ.

ಹೋದ ವಾರ ಬೆಳಿಗ್ಗೆ ಕ್ಯಾಮೆರಾ ಅಳವಡಿಸಿದ ಯುವಕರು ತಾವಾಗಿಯೇ ಫೋನ್ ಮಾಡಿ, "ಸರ್, ನಿಮ್ಮ ಮೂರನೇ ಕ್ಯಾಮೆರಾದ ಮುಂದೆ ಜೇಡ ಬಲೆ ಕಟ್ಟಿದೆ, ರಾತ್ರಿ ಹೊತ್ತು ಬರೀ ಬಿಳಿ ಕಾಣುತ್ತದೆ, ಕೋಲಿಗೆ ಬಟ್ಟೆ ಸುತ್ತಿ ಒರೆಸಿಬಿಡಿ" ಎಂದರು. ಏಣಿ ಹಾಕಿ ನೋಡಿದರೆ ಬಲೆ ಇದ್ದದ್ದು ನಿಜ. ಒರೆಸಿ ಕೆಳಗಿಳಿದ ಮೇಲೆ ಹೊಳೆಯಿತು: ಒಂದು ವರ್ಷದ ನಂತರವೂ, ನಮ್ಮ ಅಂಗಳದಲ್ಲಿ ರಾತ್ರಿ ಏನು ಕಾಣುತ್ತದೆ ಎಂಬುದು ಅವರಿಗೆ ನನಗಿಂತ ಮೊದಲು ಗೊತ್ತಾಗುತ್ತಿದೆ. ಅವರು ಪಕ್ಕದ ಊರಿನವರು, ಸಭ್ಯರು, ಜಗಳವಾಡುವ ಮನಸ್ಸಿಲ್ಲ. ಪಾಸ್‌ವರ್ಡ್ ಬದಲಿಸಿದರೆ ಸಾಕೇ?

ಹಾಸನದ ತಂತಿ:

ನಾನು ಹಾಸನದಲ್ಲಿ ಇದೇ ಕೆಲಸ ಮಾಡುವವನಾದ್ದರಿಂದ ಎರಡೂ ಕಡೆಯದನ್ನು ಹೇಳಬಲ್ಲೆ. ಪಾಸ್‌ವರ್ಡ್ ಬದಲಿಸಿದರೆ ಸಾಲದು.

ಕ್ಯಾಮೆರಾಗಳ ಚಿತ್ರವನ್ನು ದಾಖಲಿಸಿಡುವ ಡಿವಿಆರ್ ಪೆಟ್ಟಿಗೆಯ ತಳದಲ್ಲಿ ಒಂದು ಕ್ಯೂಆರ್ ಚೀಟಿ ಅಂಟಿಸಿರುತ್ತಾರೆ. ಅದನ್ನು ಮೊದಲು ಯಾರು ತಮ್ಮ ಆ್ಯಪ್‌ನಿಂದ ಸ್ಕ್ಯಾನ್ ಮಾಡುತ್ತಾರೋ, ಹೆಚ್ಚಿನ ಕಂಪನಿಗಳ ಲೆಕ್ಕದಲ್ಲಿ ಆ ಪೆಟ್ಟಿಗೆಗೆ ಅವರೇ ಯಜಮಾನರು. ಏಣಿಯ ಮೇಲೆ ನಿಂತು ಕ್ಯಾಮೆರಾ ತಿರುಗಿಸುವಾಗ ಚಿತ್ರ ಸರಿಯಾಗಿದೆಯೇ ಎಂದು ನೋಡಲು ನಮಗೆ ನಮ್ಮ ಮೊಬೈಲೇ ಅನುಕೂಲ, ಹಾಗಾಗಿ ನಮ್ಮ ಖಾತೆಗೇ ಸೇರಿಸಿಕೊಳ್ಳುತ್ತೇವೆ. ಸಂಜೆಯಾದಾಗ ಅದನ್ನು ತೆಗೆದು ಮಾಲೀಕರ ಖಾತೆಗೆ ಸೇರಿಸುವ ಬದಲು ಅವರಿಗೆ ನೋಡುವ ಅನುಮತಿಯನ್ನಷ್ಟೇ ಹಂಚಿ ಮನೆಗೆ ಹೋಗುತ್ತೇವೆ. ಕೆಟ್ಟ ಉದ್ದೇಶ ಇರಲೇಬೇಕೆಂದಿಲ್ಲ. ಮಾಲೀಕರು ಪಾಸ್‌ವರ್ಡ್ ಮರೆತು ರಾತ್ರಿ ಹತ್ತು ಗಂಟೆಗೆ ಕರೆ ಮಾಡುವುದನ್ನು ತಪ್ಪಿಸಿಕೊಳ್ಳಲು ನಾನೂ ಕೆಲವು ವರ್ಷ ಹೀಗೆಯೇ ಮಾಡಿದ್ದೇನೆ, ಈಗ ನೆನೆದರೆ ನಾಚಿಕೆಯಾಗುತ್ತದೆ.

ನಿಮ್ಮ ಆ್ಯಪ್ ತೆರೆದು ನೋಡಿ. ಕ್ಯಾಮೆರಾಗಳ ಹೆಸರಿನ ಪಕ್ಕದಲ್ಲಿ ಬೇರೆಯವರು ಹಂಚಿದ ಸಾಧನ ಎಂಬ ಗುರುತಿದ್ದರೆ ನೀವು ನಿಮ್ಮದೇ ತೋಟದಲ್ಲಿ ಅತಿಥಿ. ಅವರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ನಿಮ್ಮ ಎದುರಿಗೇ ಅವರ ಖಾತೆಯಿಂದ ಪೆಟ್ಟಿಗೆಯನ್ನು ಅಳಿಸಲು ಹೇಳಿ, ಕೂಡಲೇ ನಿಮ್ಮ ಖಾತೆಯಿಂದ ಕ್ಯೂಆರ್ ಸ್ಕ್ಯಾನ್ ಮಾಡಿಕೊಳ್ಳಿ. ಅನಂತರ ಡಿವಿಆರ್‌ನ ಬಳಕೆದಾರರ ಪಟ್ಟಿಯಲ್ಲಿ ಅಡ್ಮಿನ್ ಬಿಟ್ಟು ಬೇರೆ ಹೆಸರುಗಳಿದ್ದರೆ ಅಳಿಸಿ, ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಪಾಸ್‌ವರ್ಡ್ ಮರೆತಾಗ ಸಂದೇಶ ಬರಲು ಕೊಟ್ಟಿರುವ ಇಮೇಲ್ ಅಥವಾ ಮೊಬೈಲ್ ಸಂಖ್ಯೆ ಯಾರದ್ದೆಂದು ಪರೀಕ್ಷಿಸಿ. ಈ ಕೊನೆಯದನ್ನು ಬಹಳ ಜನ ಮರೆಯುತ್ತಾರೆ. ವೈಫೈ ಪಾಸ್‌ವರ್ಡ್ ಕೂಡ ಅವರಿಗೆ ಗೊತ್ತಿರುವುದರಿಂದ ಅದನ್ನೂ ಬದಲಿಸಿ.

ರೂಟರ್ ಒಳಗೆ ಇನ್ನೊಂದು ವಿಷಯವಿದೆ. ಹೊರಗಿನಿಂದ ನೇರವಾಗಿ ಚಿತ್ರ ನೋಡಲೆಂದು ಕೆಲವರು ರೂಟರ್‌ನಲ್ಲಿ ಪೋರ್ಟ್, ಅಂದರೆ ಅಂತರ್ಜಾಲದಿಂದ ಒಳಬರುವ ಬಾಗಿಲು, ತೆರೆದು ಬಿಟ್ಟಿರುತ್ತಾರೆ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಅಂತರ್ಜಾಲಕ್ಕೆ ತೆರೆದುಕೊಂಡಿದ್ದ ಕ್ಯಾಮೆರಾ, ಡಿವಿಆರ್ ಮತ್ತು ರೂಟರ್‌ಗಳನ್ನು ಹುಡುಕಿ, ಕಾರ್ಖಾನೆಯಿಂದ ಬಂದಾಗಿನ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡಿ ಒಳಗೆ ನುಗ್ಗಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಅಂಥ ಪೆಟ್ಟಿಗೆಗಳ ದಂಡನ್ನೇ ಜಾಲತಾಣಗಳ ವಿಳಾಸ ಹುಡುಕಿಕೊಡುವ ಡೈನ್ ಎಂಬ ಕಂಪನಿಯ ಮೇಲೆ ಬಿಟ್ಟಾಗ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಹಲವು ಗಂಟೆ ಹಲವರಿಗೆ ಸಿಗಲಿಲ್ಲ. ಅಂಥವರಿಗೆ ನಿಮ್ಮ ಕಣದ ಕಾಫಿ ಬೇಕಿಲ್ಲ, ನಿಮ್ಮ ಪೆಟ್ಟಿಗೆ ಬೇಕು. ಆದ್ದರಿಂದ ಹೀಗೆ ತೆರೆದಿಟ್ಟ ಪೋರ್ಟ್ ಫಾರ್ವರ್ಡಿಂಗ್ ಮತ್ತು ಸಾಧನಗಳು ತಾವಾಗಿಯೇ ಪೋರ್ಟ್ ತೆರೆಯಲು ಬಿಡುವ ಯುಪಿಎನ್‌ಪಿ ಎರಡನ್ನೂ ಮುಚ್ಚಿ. ಆ್ಯಪ್ ಮೂಲಕ ನೋಡಲು ಅವು ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಬೇಲೂರು ರಸ್ತೆ:

ಇಷ್ಟೆಲ್ಲ ಸೌಜನ್ಯ ಏಕೆ? ನೇರವಾಗಿ ಸೈಬರ್ ಠಾಣೆಗೆ ದೂರು ಕೊಡಿ, ಪೆಟ್ಟಿಗೆಯನ್ನು ಕಿತ್ತು ಬಿಸಾಡಿ.

ಹಾಸನದ ತಂತಿ:

ಕಿತ್ತು ಬಿಸಾಡಿದರೆ ಹಾರ್ಡ್ ಡಿಸ್ಕ್ ಸಮೇತ ಹೋಗುತ್ತದೆ, ಎಚ್ಚರ. ನಾಲ್ಕು ಸಾಧಾರಣ ಕ್ಯಾಮೆರಾಗಳಿಗೆ 1 ಟಿಬಿ ಡಿಸ್ಕ್‌ನಲ್ಲಿ ಹತ್ತು-ಹನ್ನೆರಡು ದಿನಗಳ ಚಿತ್ರ ಉಳಿದಿರುತ್ತದೆ. ಗುಜರಿಗೆ ಹಾಕುವವರು ಡಿಸ್ಕ್ ತೆಗೆದಿಟ್ಟುಕೊಂಡೇ ಹಾಕಬೇಕು.

ಬಾಳೆಹೊನ್ನೂರಿನ ಓದುಗಿ:

ಗೋಣಿಬೀಡಿನವರೇ, ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡ ಮುಖ್ಯ ವಿಷಯವನ್ನು ನೀವೇ ಹೇಳಿ ದಾಟಿಹೋಗಿದ್ದೀರಿ. ಬಲೆ ಕಟ್ಟಿದ್ದ ಆ ಮೂರನೇ ಕ್ಯಾಮೆರಾ ಲೈನ್ ಮನೆಗಳ ಕಡೆಗೆ ಇದೆ. ನಮ್ಮ ಸೀಮೆಯ ಲೈನ್ ಮನೆಗಳಲ್ಲಿ ನಲ್ಲಿ ಇರುವುದು ಅಂಗಳದಲ್ಲಿ, ಬಚ್ಚಲಿಗೆ ಎಷ್ಟೋ ಕಡೆ ತಗಡಿನ ಮರೆಯಷ್ಟೇ. ಕೆಲಸದ ಹೆಣ್ಣುಮಕ್ಕಳು ಬೆಳಿಗ್ಗೆ ಮುಖ ತೊಳೆಯುವುದು, ಮಕ್ಕಳಿಗೆ ಸ್ನಾನ ಮಾಡಿಸುವುದು ಆ ಚೌಕಟ್ಟಿನೊಳಗೆ ಬೀಳುತ್ತಿದ್ದರೆ, ಅದನ್ನು ಒಂದು ವರ್ಷದಿಂದ ಅವರಿಗೆ ಗೊತ್ತಿಲ್ಲದೆ ನೀವೂ ನೋಡಬಹುದಾಗಿತ್ತು, ಆ ಯುವಕರೂ ನೋಡಬಹುದಾಗಿತ್ತು. ನಿಮ್ಮ ಅಂಗಳ ಬೇರೆಯವರಿಗೆ ಕಾಣುತ್ತದೆಂದು ನಿಮಗೆ ಆದ ಕಸಿವಿಸಿ ಅವರಿಗೂ ಆಗಬೇಕಾದದ್ದೇ. ವ್ಯಕ್ತಿಯ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಉದ್ದೇಶಪೂರ್ವಕವಾಗಿ ಅಥವಾ ತಿಳಿದೂ ಸೆರೆಹಿಡಿಯುವುದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಲ್ಲಿ ಮೂರು ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಇವೆ. ಕ್ಯಾಮೆರಾ ತಿರುಗಿಸಲು ಆಗದಿದ್ದರೆ, ಚಿತ್ರದ ಒಂದು ಭಾಗವನ್ನು ಕಪ್ಪು ಮಾಡುವ ಪ್ರೈವಸಿ ಮಾಸ್ಕ್ ಎಂಬ ಸೌಲಭ್ಯ ಬಹುತೇಕ ಡಿವಿಆರ್‌ಗಳಲ್ಲಿದೆ. ಮೈಕ್ ಇದ್ದರೆ ಅದನ್ನೂ ಆರಿಸಿ. ಕಾಫಿ ಕಾಯಲು ಮಾತು ಕೇಳಬೇಕಿಲ್ಲ.

ಗೋಣಿಬೀಡು ಬೆಳೆಗಾರ:

ಎಲ್ಲರಿಗೂ ಧನ್ಯವಾದ. ಬಾಳೆಹೊನ್ನೂರಿನವರ ಮಾತು ಓದಿ ಮೊದಲು ಮಾಡಿದ್ದು ಅದೇ ಕೆಲಸ. ನಲ್ಲಿಕಟ್ಟೆ ಪೂರ್ತಿ ಕಾಣುತ್ತಿತ್ತು. ಆ ಕ್ಯಾಮೆರಾವನ್ನು ಗೋದಾಮಿನ ಹಿಂಬದಿಗೆ ತಿರುಗಿಸಿ, ಲೈನಿನವರನ್ನು ಕರೆದು ನಾಲ್ಕೂ ಕ್ಯಾಮೆರಾಗಳಲ್ಲಿ ಏನೇನು ಕಾಣುತ್ತದೆಂದು ಟಿವಿಯಲ್ಲಿ ತೋರಿಸಿದೆ. ಒಬ್ಬ ಹಿರಿಯ ಹೆಂಗಸು, "ಮುಂಚೆ ಹೇಳಿದ್ದರೆ ಒಂದು ಸೀರೆ ಅಡ್ಡ ಕಟ್ಟಿಕೊಳ್ಳುತ್ತಿದ್ದೆವಲ್ಲ ಅಯ್ಯಾ" ಎಂದಷ್ಟೇ ಹೇಳಿ ಹೋದರು.

ಯುವಕರು ನಿನ್ನೆ ಬಂದಿದ್ದರು, ಬೇಸರವಿಲ್ಲದೆ ತಮ್ಮ ಖಾತೆಯಿಂದ ನಮ್ಮದನ್ನು ಅಳಿಸಿದರು. ಹಾಸನದವರು ಹೇಳಿದಂತೆ ಇಮೇಲ್ ಕೂಡ ಅವರದ್ದೇ ಇತ್ತು, ಬದಲಿಸಿದೆವು. ಆದರೆ ನಮ್ಮ ಹೆಸರನ್ನು ಹುಡುಕಲು ಅವರು ಮೊಬೈಲ್‌ನಲ್ಲಿ ಪಟ್ಟಿಯನ್ನು ಮೇಲಕ್ಕೆ ಸರಿಸುತ್ತಾ ಹೋದಾಗ ಬೇರೆ ಬೇರೆ ಮನೆಗಳ ಅಂಗಳಗಳು ಒಂದರ ಹಿಂದೊಂದು ಬಂದವು. ಒಂದು ಚಿತ್ರದಲ್ಲಿ ನಿಂತಿದ್ದ ಜೀಪಿನ ಗುರುತು ನನಗೆ ಸಿಕ್ಕಿತು. ಅವರ ಮನೆಗೆ ಇವತ್ತು ಸಂಜೆ ಫೋನ್ ಮಾಡುತ್ತೇನೆ.