ಸ್ವಿಟ್ಜರ್ಲೆಂಡಿಗೆ ದಾವಣಗೆರೆಯ ಚಟ್ನಿಪುಡಿ, ಉಪ್ಪಿನಕಾಯಿ: ಯಾವುದನ್ನು ಮೊದಲು ಕಳಿಸಬೇಕು?

ಪ್ರಶ್ನೆ: ಚಟ್ನಿಪುಡಿ ತಯಾರಕಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನೂ ನಮ್ಮ ಅತ್ತೆಯವರೂ ಸೇರಿ ಮನೆಯ ಹಿಂದಿನ ಸಣ್ಣ ಘಟಕದಲ್ಲಿ ಶೇಂಗಾ ಚಟ್ನಿಪುಡಿ, ಪುಟಾಣಿ ಚಟ್ನಿಪುಡಿ ಮತ್ತು ಮಾವಿನ ಉಪ್ಪಿನಕಾಯಿಯನ್ನು ತಯಾರಿಸಿ ಮಾರುತ್ತಿದ್ದೇವೆ. ಎಫ್‌ಎಸ್‌ಎಸ್‌ಎಐ ಪರವಾನಗಿ ಇದೆ, ಆಮದು-ರಫ್ತು ಕೋಡ್ ಕೂಡ ಪಡೆದಾಗಿದೆ. ನನ್ನ ತಂಗಿ ಜ್ಯೂರಿಕ್‌ನಲ್ಲಿದ್ದಾಳೆ. ಊರಿಗೆ ಬಂದುಹೋಗುವವರ ಸೂಟ್‌ಕೇಸುಗಳಲ್ಲಿ ನಮ್ಮ ಪುಡಿ ಅಲ್ಲಿಗೆ ತಲುಪಿ ರುಚಿ ಹತ್ತಿರುವುದರಿಂದ, ಅವಳೇ ಅದನ್ನು ಕ್ರಮಬದ್ಧವಾಗಿ ಆಮದು ಮಾಡಿಕೊಂಡು ಅಂಗಡಿಗಳಿಗೆ ಕೊಡಬೇಕೆಂದಿದ್ದಾಳೆ. ಸಮುದ್ರವೇ ಇಲ್ಲದ ದೇಶಕ್ಕೆ ಸರಕು ಯಾವ ದಾರಿಯಲ್ಲಿ ಹೋಗುತ್ತದೆ, ಸುಂಕವನ್ನು ಹೇಗೆ ಲೆಕ್ಕ ಹಾಕುತ್ತಾರೆ, ಲೇಬಲ್ ಯಾವ ಭಾಷೆಯಲ್ಲಿರಬೇಕು? ಮೂರರಲ್ಲಿ ಯಾವುದರಿಂದ ಆರಂಭಿಸುವುದು ಕ್ಷೇಮ?

ಉತ್ತರ 1: ಹರಿಹರ ಮೂಲ, ಈಗ ಬಾಸೆಲ್‌ನಲ್ಲಿ ಸರಕು ಸಾಗಣೆ ಕೆಲಸ

ಮೊದಲು ದಾರಿಯ ವಿಷಯ. ಮುಂಬೈನ ನ್ಹಾವಾ ಶೇವಾದಲ್ಲಿ ಹಡಗೇರಿದ ಸರಕು ರಾಟರ್‌ಡ್ಯಾಮ್‌ನಲ್ಲೋ ಆಂಟ್‌ವರ್ಪ್‌ನಲ್ಲೋ ಇಳಿದು, ರೈನ್ ನದಿಯ ದೋಣಿಯಲ್ಲಿ ಅಥವಾ ರೈಲಿನಲ್ಲಿ ಬಾಸೆಲ್‌ಗೆ ಬರುತ್ತದೆ. ಇಟಲಿಯ ಜಿನೋವಾದಲ್ಲಿ ಇಳಿಸಿ ಆಲ್ಪ್ಸ್ ದಾಟಿಸುವುದೂ ಉಂಟು. ಎರಡೂ ದಾರಿಗಳು ಐರೋಪ್ಯ ಒಕ್ಕೂಟದ ನೆಲದ ಮೇಲೆಯೇ ಹಾದುಬರುತ್ತವೆ, ಆದರೆ ಸ್ವಿಟ್ಜರ್ಲೆಂಡ್ ಆ ಒಕ್ಕೂಟದಲ್ಲಿಲ್ಲ. ಆದ್ದರಿಂದ ಟಿ-1 ಎಂಬ ಸಾಗಣೆ ಪತ್ರ ಮಾಡಿಸಿದರೆ ಅಲ್ಲಿ ಸುಂಕ ಕಟ್ಟದೆ ನೇರವಾಗಿ ಸ್ವಿಸ್ ಗಡಿಗೆ ಬರಬಹುದು.

ಸುಂಕದ ವಿಷಯವನ್ನು ನಮ್ಮವರು ಹೆಚ್ಚಾಗಿ ತಪ್ಪು ತಿಳಿದಿರುತ್ತಾರೆ. ಭಾರತದಲ್ಲಿ ಸಾಮಾನ್ಯವಾಗಿ ಬೆಲೆಯ ಮೇಲೆ ಸುಂಕ ಬೀಳುತ್ತದೆ, ಇಲ್ಲಿ ತೂಕದ ಮೇಲೆ ಬೀಳುತ್ತದೆ. ಅದೂ ಒಟ್ಟು ತೂಕ, ಅಂದರೆ ಡಬ್ಬಿ, ರಟ್ಟಿನ ಪೆಟ್ಟಿಗೆ ಎಲ್ಲವೂ ಸೇರಿ. ಮುನ್ನೂರು ಗ್ರಾಂ ಉಪ್ಪಿನಕಾಯಿಯನ್ನು ಇನ್ನೂರು ಗ್ರಾಮಿನ ಗಾಜಿನ ಸೀಸೆಯಲ್ಲಿ ಕಳಿಸಿದರೆ ಗಾಜಿಗೂ ಉಪ್ಪಿನಕಾಯಿಯ ದರದಲ್ಲೇ ಸುಂಕ ಕಟ್ಟಿದಂತಾಗುತ್ತದೆ. ಹಗುರವಾದ ಪೊಟ್ಟಣದಲ್ಲಿ ಹೋಗುವ ಪುಡಿಗೆ ಈ ತೊಂದರೆ ಕಡಿಮೆ. ಸಾಸ್, ಮಿಶ್ರ ಮಸಾಲೆ ಮುಂತಾದವು ಸುಂಕಪಟ್ಟಿಯ 2103ರ ಶೀರ್ಷಿಕೆಯಲ್ಲೂ, ವಿನೆಗರಿನಲ್ಲಿ ಕಾಪಿಟ್ಟ ಹಣ್ಣು-ತರಕಾರಿಗಳು 2001ರಲ್ಲೂ ಬರುತ್ತವೆ. ನಮ್ಮ ಎಣ್ಣೆ ಉಪ್ಪಿನಕಾಯಿಯನ್ನು ಯಾವುದರಲ್ಲಿ ಸೇರಿಸಬೇಕೆಂಬ ಚರ್ಚೆ ಬರುವುದರಿಂದ, ಸರಕು ಹೊರಡುವ ಮುನ್ನವೇ ನಿಮ್ಮ ತಂಗಿ ಸ್ವಿಸ್ ಕಸ್ಟಮ್ಸ್‌ನಿಂದ ಲಿಖಿತ ಉತ್ತರ ಪಡೆಯಲಿ. ದರಗಳು ಅವರ ‘ಟಾರೆಸ್’ ಜಾಲತಾಣದಲ್ಲಿ ಸಿಗುತ್ತವೆ. ಭಾರತ ಮತ್ತು ಎಫ್ಟಾ (ಸ್ವಿಟ್ಜರ್ಲೆಂಡ್ ಸೇರಿ ಯುರೋಪಿನ ನಾಲ್ಕು ದೇಶಗಳ ವ್ಯಾಪಾರ ಕೂಟ) ದೇಶಗಳ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿದೆ. ನಿಮ್ಮ ಪದಾರ್ಥಕ್ಕೆ ಅದರಲ್ಲಿ ರಿಯಾಯಿತಿ ಇದ್ದರೆ ಮೂಲದೇಶದ ದಾಖಲೆ ಬೇಕಾಗುತ್ತದೆ. ಸುಂಕದ ಮೇಲೆ ಆಹಾರಕ್ಕೆ ಶೇ. 2.6ರ ಮೌಲ್ಯವರ್ಧಿತ ತೆರಿಗೆ ಇದೆ.

ಇನ್ನು ಲೇಬಲ್. ಜರ್ಮನ್, ಫ್ರೆಂಚ್, ಇಟಾಲಿಯನ್ ಪೈಕಿ ಕನಿಷ್ಠ ಒಂದು ಭಾಷೆಯಲ್ಲಿರಬೇಕು. ಜ್ಯೂರಿಕ್‌ನಲ್ಲಿ ಮಾರುವುದಾದರೆ ಜರ್ಮನ್ ಇಲ್ಲದೆ ನಡೆಯದು. ಅಲರ್ಜಿ ತರುವ ಪದಾರ್ಥಗಳ ಪಟ್ಟಿಯಲ್ಲಿ ಹದಿನಾಲ್ಕು ವರ್ಗಗಳಿದ್ದು, ಶೇಂಗಾ, ಎಳ್ಳು, ಸಾಸಿವೆ ಮೂರೂ ಅದರಲ್ಲಿವೆ. ನಮ್ಮವರು ಎಡವುವುದು ಇಂಗಿನಲ್ಲಿ. ಅಂಗಡಿಯ ಇಂಗಿನಲ್ಲಿ ಬಹುಪಾಲು ಗೋಧಿ ಹಿಟ್ಟು ಬೆರೆತಿರುತ್ತದೆ. ‘ಇಂಗು’ ಎಂದಷ್ಟೇ ಬರೆದು ಗೋಧಿಯನ್ನು ನಮೂದಿಸದಿದ್ದರೆ ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್ ಒಗ್ಗದವರಿಗೆ ಅಪಾಯ. ನನ್ನ ಕಣ್ಣೆದುರೇ ಒಬ್ಬ ಆಮದುದಾರರ ಹದಿನೆಂಟು ಪೆಟ್ಟಿಗೆ ಸಾರಿನಪುಡಿಗೆ ಇದೇ ಕಾರಣದಿಂದ ಹೊಸ ಲೇಬಲ್ ಅಂಟಿಸಬೇಕಾಯಿತು, ಅವರ ಲಾಭವೆಲ್ಲ ಕೂಲಿಗೇ ಹೋಯಿತು.

ನಿಮ್ಮ ತಂಗಿಗೆ ಒಂದು ಮಾತನ್ನು ಖಂಡಿತವಾಗಿ ತಿಳಿಸಿ. ಇಲ್ಲಿನ ಕಾನೂನು ‘ಸ್ವಯಂ ನಿಯಂತ್ರಣ’ದ ಮೇಲೆ ನಿಂತಿದೆ, ಅಂದರೆ ಮಾರುಕಟ್ಟೆಗೆ ಬಿಡುವ ಪದಾರ್ಥ ಸುರಕ್ಷಿತವೆಂದು ಖಚಿತಪಡಿಸಿಕೊಳ್ಳುವ ಹೊಣೆ ಆಮದುದಾರರದೇ. ಕ್ಯಾಂಟನ್ನಿನ (ಇಲ್ಲಿನ ರಾಜ್ಯದ) ಆಹಾರ ತಪಾಸಕರು ಅಂಗಡಿಯಿಂದ ಮಾದರಿ ಒಯ್ದು ಪರೀಕ್ಷಿಸಿದಾಗ ಉತ್ತರ ಕೊಡಬೇಕಾದವರು ದಾವಣಗೆರೆಯ ನೀವಲ್ಲ, ನಿಮ್ಮ ತಂಗಿ.

ಉತ್ತರ 2: ಶೇಂಗಾ ವ್ಯಾಪಾರಿ, ಚಳ್ಳಕೆರೆ

ಅಮ್ಮಾ, ಶೇಂಗಾ ಪುಡಿಯಿಂದ ಆರಂಭಿಸಬೇಡಿ. ನಾನು ಶೇಂಗಾದಲ್ಲೇ ಬದುಕಿದವನು, ನೋವಿನಿಂದಲೇ ಇದನ್ನು ಹೇಳುತ್ತಿದ್ದೇನೆ. ಕಿತ್ತ ಬಳ್ಳಿ ಹೊಲದಲ್ಲಿರುವಾಗ ಮಳೆ ಹಿಡಿದರೆ, ಅಥವಾ ಕಾಯಿ ಸರಿಯಾಗಿ ಒಣಗುವ ಮುನ್ನ ಚೀಲ ತುಂಬಿದರೆ ಆಸ್ಪರ್ಜಿಲಸ್ ಎಂಬ ಬೂಷ್ಟು ಬೆಳೆದು ಅಫ್ಲಾಟಾಕ್ಸಿನ್ ವಿಷ ಸೇರಿಕೊಳ್ಳುತ್ತದೆ. ಹುರಿದರೆ ಅದು ಪೂರ್ತಿ ಹೋಗುವುದಿಲ್ಲ. ನೇರವಾಗಿ ತಿನ್ನುವ ಶೇಂಗಾದಲ್ಲಿ ಯುರೋಪಿನ ಮಿತಿ ಕಿಲೋಗೆ ಬಿ-1 ಎಂಬ ಬಗೆಯ ಅಫ್ಲಾಟಾಕ್ಸಿನ್‌ಗೆ 2 ಮೈಕ್ರೋಗ್ರಾಂ, ಎಲ್ಲ ಬಗೆಗಳೂ ಸೇರಿ ಒಟ್ಟು 4 ಮೈಕ್ರೋಗ್ರಾಂ. ನಮ್ಮ ದೇಶದ ಮಿತಿ ಇದಕ್ಕಿಂತ ಬಹಳ ಸಡಿಲ, ಆದ್ದರಿಂದ ಇಲ್ಲಿ ಪಾಸಾದ ಮಾಲು ಅಲ್ಲಿ ಬೀಳಬಹುದು. ಐರೋಪ್ಯ ಒಕ್ಕೂಟ 2019/1793ನೇ ನಿಯಮದಡಿ ಭಾರತದ ಶೇಂಗಾವನ್ನು ವಿಶೇಷ ತಪಾಸಣೆಯ ಪಟ್ಟಿಗೆ ಸೇರಿಸಿತು, ಆ ಪಟ್ಟಿಯನ್ನು ಆಗಾಗ ಪರಿಷ್ಕರಿಸುತ್ತಾರೆ. ನಮ್ಮ ಕಡೆಯಿಂದಲೂ ಶೇಂಗಾ ಪದಾರ್ಥಗಳ ರಫ್ತಿಗೆ ಅಪೆಡಾದ (ಕೃಷಿ ಪದಾರ್ಥಗಳ ರಫ್ತು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಪ್ರತ್ಯೇಕ ಪ್ರಮಾಣಪತ್ರದ ಕ್ರಮವಿದೆ. ಮೊದಲ ಸಲವೇ ಇಷ್ಟು ಹೊರೆ ಹೊರಬೇಡಿ.

ಮೆಣಸಿನಕಾಯಿಯ ಕಡೆಗೂ ಗಮನವಿರಲಿ. ಬ್ಯಾಡಗಿಯಿಂದ ತರಿಸುವಾಗ ಬಣ್ಣವನ್ನಷ್ಟೇ ನೋಡದೆ, ಯಾವ ರೈತರ, ಯಾವ ದಿನದ ಮಾಲೆಂದು ಬರೆದಿಡಿ. ಮಸಾಲೆಗೂ ಇದೇ ಅಫ್ಲಾಟಾಕ್ಸಿನ್‌ನ ಮಿತಿ ಇದೆ: ಕಿಲೋಗೆ ಬಿ-1 ಬಗೆಯದು 5, ಒಟ್ಟು 10 ಮೈಕ್ರೋಗ್ರಾಂ. ಎಥಿಲೀನ್ ಆಕ್ಸೈಡ್ ಎಂಬ ಕ್ರಿಮಿನಾಶಕ ಅನಿಲದಿಂದ ಸಂಸ್ಕರಿಸಿದ ಮಸಾಲೆಯನ್ನಂತೂ ಹತ್ತಿರಕ್ಕೂ ಬಿಟ್ಟುಕೊಳ್ಳಬೇಡಿ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್, ಸಿಂಗಪುರಗಳಲ್ಲಿ ಭಾರತದ ಮಸಾಲೆಗಳು ಕಪಾಟಿನಿಂದ ಕೆಳಗಿಳಿದದ್ದು ಇದರಿಂದಲೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಹಾಗಾದರೆ ಪುಟಾಣಿ ಪುಡಿಯೊಂದನ್ನೇ ಕಳಿಸುತ್ತೇನೆ. ಆದರೆ ಶೇಂಗಾ ಅರೆಯುವ ಯಂತ್ರದಲ್ಲೇ ಪುಟಾಣಿಯನ್ನೂ ಅರೆಯುತ್ತೇವೆ, ತೊಳೆದೇ ಬಳಸುತ್ತೇವೆ. ಅದು ಸಾಕೇ?

ಉತ್ತರ 1

ಸಾಲದು. ತೊಳೆದ ಯಂತ್ರದಲ್ಲೂ ಶೇಂಗಾ ಕಣ ಉಳಿಯಬಹುದು, ಶೇಂಗಾ ಅಲರ್ಜಿ ಇರುವವರ ಜೀವಕ್ಕೆ ಅಷ್ಟೇ ಸಾಕು. ರಫ್ತಿಗೆಂದೇ ಬೇರೊಂದು ಸಣ್ಣ ಯಂತ್ರ ತೆಗೆದುಕೊಳ್ಳಿ, ಗೋಧಿ ಬೆರೆಯದ ಇಂಗು ಬಳಸಿ, ಒಂದೇ ದಿನ ಅರೆದದ್ದಕ್ಕೆ ಒಂದು ಬ್ಯಾಚ್ ಸಂಖ್ಯೆ ಕೊಡಿ, ಆ ಬ್ಯಾಚಿನ ಮಾದರಿಯನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಕಳಿಸಿ. ವರದಿ ಕೈಗೆ ಬಂದ ಮೇಲೆ ಜರ್ಮನ್ ಲೇಬಲ್ಲಿನ ಕರಡನ್ನು ಇಲ್ಲೇ ಹಾಕಿ, ಮುದ್ರಣಕ್ಕೆ ಕೊಡುವ ಮುನ್ನ ನಾನು ಓದಿ ಹೇಳುತ್ತೇನೆ.