ತಲಿಗೆ ಪೆಟ್ಟು ಬಿದ್ದ ಮ್ಯಾಲ ಮರೆವು, ಸಿಟ್ಟು: ಮನ್ಯಾಗ ಹೆಂಗ ನಿಭಾಯಿಸೋದ್ರಿ?

ಜಮಖಂಡಿ ಕಡೆಯವ:
ಅಣ್ಣಗ 38 ವರ್ಷ. ನಾಲ್ಕು ತಿಂಗಳ ಹಿಂದ ಗಾಡಿಯಿಂದ ಬಿದ್ದು ಮಿದುಳಿನ ಮುಂಭಾಗಕ್ಕ ಪೆಟ್ಟಾಗೇತಿ. ಹತ್ತು ವರ್ಷದ ಹಿಂದಿನ ಕಬ್ಬಿನ ಲೆಕ್ಕ ಬರೋಬ್ಬರಿ ಹೇಳ್ತಾನ, ಮುಂಜಾನೆ ಗುಳಗಿ ನುಂಗಿದ್ದು ನೆನಪಿಲ್ಲ, ಮತ್ತ ನುಂಗಾಕ ಹೋಗ್ತಾನ. ಸಂಜೀಕ ಮಂದಿ ಬಂದ್ರ ಸಿಟ್ಟು, ತಾಟು ಒಗೀತಾನ. ‘ಜರಾ ನೆನಪ ಮಾಡ್ಕೋ’ ಅಂತ ಬೆನ್ನು ಹತ್ತಬೇಕೋ, ಸುಮ್ಮನಿರಬೇಕೋ?

ವಿಜಯಪುರದಿಂದ:
‘ನೆನಪ ಮಾಡ್ಕೋ’ ಅನ್ನೋದನ್ನ ಇವತ್ತೇ ಬಿಡ್ರಿ. ಹಳೇದು ಗಟ್ಟಿ ಕುಂತದ, ಹೊಸಾದನ್ನ ಹಿಡಿದಿಡೋ ಕೆಲಸ ಕೆಟ್ಟದ. ಊಹಿಸಾಕ ಹಚ್ಚಿದ್ರ ತಪ್ಪು ಉತ್ತರಾನೇ ರೂಢಿ ಆಗತದ. ಅದಕ್ಕ ಉತ್ತರ ಮೊದಲು ನೀವೇ ಹೇಳ್ರಿ: ‘ಚಾಳೀಸು (ಕನ್ನಡಕ) ಕಿಡಕಿ ಕಟ್ಟಿ ಮ್ಯಾಲ.’ ಕೂಡಲೇ ‘ಚಾಳೀಸು ಎಲ್ಲದ?’ ಅಂತ ಕೇಳ್ರಿ. ಸರಿ ಹೇಳಿದ್ರ 30 ಸೆಕೆಂಡಿಗೆ ಕೇಳ್ರಿ, ಆಮ್ಯಾಲ 1, 2, 4, 8 ನಿಮಿಷಕ್ಕ. ತಪ್ಪಿದ್ರ ಕೂಡಲೇ ನೀವೇ ಹೇಳಿ, ಹಿಂದಿನ ಅಂತರಕ್ಕ ಬರ್ರಿ. ಒಂದು ಹೊತ್ತಿಗೆ ಒಂದೇ ವಿಷಯ.

ಡೈರಿ ಒಂದೇ ಇರಲಿ. ಎರಡಾದ್ರ ಯಾವುದರಾಗ ಬರದೀನಿ ಅನ್ನೋದೇ ಮರೀತದ. ಅಂಗಿ ಕಿಸೆದಾಗ ಹಿಡಿಯುವಷ್ಟು ಸಣ್ಣದು, ದಾರ ಕಟ್ಟಿದ ಪೆನ್ನು. ಪುಟಕ್ಕ ಒಂದು ದಿನ, ನಾಲ್ಕೈದು ಕೆಲಸ, ಮುಗಿದ ಕೂಡಲೇ ಅವರ ಕೈಲೇ ಟಿಕ್. ಮನಿಯವರೇ ಟಿಕ್ ಹಾಕಾಕ ಹತ್ತಿದ್ರ ಡೈರಿ ಸತ್ತಂಗ. ಕೇಳಿದ್ದನ್ನೇ ಕೇಳಿದಾಗ ‘ಡೈರಿ ನೋಡೂಣು’ ಅನ್ರಿ, ಬೈಬ್ಯಾಡ್ರಿ.

ಗುಳಗಿಗೆ ಏಳು ದಿನದ ಡಬ್ಬಿ ತರ್ರಿ. ರವಿವಾರ ಮನಿಯವರು ತುಂಬಿ, ಉಳಿದ ಸ್ಟ್ರಿಪ್ ಕೀಲಿ ಹಾಕಿಡ್ರಿ. ಖಾಲಿ ಖಾನೆ ತೋರಿಸಿದ್ರ ವಾದಾನೇ ಇಲ್ಲ. ಮೊಬೈಲ್ ಅಲಾರಾಂ ಡಬ್ಬಿ ಪಕ್ಕದಾಗೇ ಬಡೀಬೇಕು. ಬ್ಯಾರೆ ಖೋಲಿಯೊಳಗ ಬಡದ್ರ ಬಂದ್ ಮಾಡಿ, ಡಬ್ಬಿತನಕ ಬರೋದ್ರಾಗ ಮರೀತಾರ.

ಬೆಳಗಾವಿಯಿಂದ:
ಸಿಟ್ಟಿನ ಬಗ್ಗೆ ಹೇಳ್ತೇನೆ. ಮಿದುಳಿನ ಮುಂಭಾಗ ನಮ್ಮ ಬ್ರೇಕ್ ಇದ್ದಂಗ. ಅಲ್ಲಿ ಪೆಟ್ಟಾದರೆ ಅನಿಸಿದ್ದು ತಡೆಯಿಲ್ಲದೆ ಹೊರಗೆ ಬರುತ್ತದೆ, ಹಟಮಾರಿತನ ಅಲ್ಲ. ಎರಡು ವಾರ, ಸಿಟ್ಟು ಬಂದಾಗೊಮ್ಮೆ ಮೂರು ಸಾಲು ಬರೆದಿಡಿ: ಅದಕ್ಕೂ ಮೊದಲು ಏನು ನಡೆದಿತ್ತು, ಅವರು ಏನು ಮಾಡಿದರು, ಆಮೇಲೆ ನೀವು ಏನು ಮಾಡಿದಿರಿ. ಸಾಮಾನ್ಯವಾಗಿ ದಣಿವು, ಟಿವಿ ಸಪ್ಪಳದ ನಡುವೆ ನಾಲ್ಕು ಮಂದಿ ಮಾತು, ನಿದ್ದೆಗೇಡು, ತಲೆನೋವು, ಮಲಬದ್ಧತೆ, ಇವುಗಳಲ್ಲೊಂದು ಸಿಕ್ಕೇ ಸಿಗುತ್ತದೆ. ಬೀಗರು, ನೆಂಟರು ಬರುವುದಾದರೆ ಮುಂಜಾನೆ ಬರಲಿ, ಇಬ್ಬರೇ, ಇಪ್ಪತ್ತು ನಿಮಿಷ. ಮಧ್ಯಾಹ್ನ ಅರ್ಧ ಗಂಟೆ ಕತ್ತಲ ಕೋಣೆಯಲ್ಲಿ ಮಲಗಲಿ.

ಸಿಟ್ಟೇರಿದಾಗ ಒಬ್ಬರೇ ಮಾತಾಡಿ, ಸಣ್ಣ ವಾಕ್ಯ, ಸಣ್ಣ ದನಿ. ಬಾಗಿಲಿಗೆ ಅಡ್ಡ ನಿಲ್ಲಬೇಡಿ, ಟಿವಿ ಆರಿಸಿ. ಬುದ್ಧಿಮಾತು ಆ ಹೊತ್ತಿಗೆ ಒಳಗೆ ಹೋಗುವುದೇ ಇಲ್ಲ. ಫಿಟ್ಸ್ ಗುಳಿಗೆ ಯಾವುದು ನಡೆದಿದೆ?

ಜಮಖಂಡಿ ಕಡೆಯವ:
ಲೆವೆಟಿರಾಸಿಟಾಮ್, ಎರಡು ಹೊತ್ತು. ಗಾಡಿ ಚಾವಿನೂ ದಿನಾ ಕೇಳ್ತಾನ್ರಿ.

ಬೆಳಗಾವಿಯಿಂದ:
ಆ ಗುಳಿಗೆಯಿಂದಲೇ ಕೆಲವರಿಗೆ ಸಿಡುಕು ಹೆಚ್ಚುತ್ತದೆ. ಶುರುವಾದ ತಾರೀಖು, ಸಿಟ್ಟು ಶುರುವಾದ ತಾರೀಖು ಎರಡನ್ನೂ ನ್ಯೂರೋ ಡಾಕ್ಟರಿಗೆ ಹೇಳಿ. ನೀವಾಗಿ ನಿಲ್ಲಿಸಬೇಡಿ, ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು. ಸೆರೆ ಕುಡಿಯುವುದು ಪೂರ್ತಿ ಬಂದ್. ‘ಗಾಡಿ ಹೊಡೆಯಬಾರದು’ ಎಂದು ಡಾಕ್ಟರ ಕೈಯಿಂದಲೇ ಡೈರಿಯಲ್ಲಿ ಬರೆಸಿಕೊಳ್ಳಿ, ಆಗ ನೀವು ವೈರಿ ಆಗುವುದಿಲ್ಲ.

ತಲೆನೋವು ದಿನೇದಿನೇ ಏರಿದರೆ, ವಾಂತಿ, ವಿಪರೀತ ಮಂಪರು, ಒಂದು ಕೈಕಾಲು ಸೋಲುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಪೆಟ್ಟಾಗಿ ವಾರಗಳಾದ ಮೇಲೂ ತಲೆಬುರುಡೆಯೊಳಗೆ ರಕ್ತ ನಿಲ್ಲಬಹುದು.

ವಿಜಯಪುರದಿಂದ:
ಧಾರವಾಡದ ಡಿಮ್ಹಾನ್ಸ್ (ಮಾನಸಿಕ ಆರೋಗ್ಯ, ನರರೋಗದ ಸರಕಾರಿ ಆಸ್ಪತ್ರಿ) ನಿಮಗ ಬೆಂಗಳೂರಿನ ನಿಮ್ಹಾನ್ಸ್‌ಕಿಂತ ಸಮೀಪ. ಹೋಗುವಾಗ ಡಿಸ್ಚಾರ್ಜ್ ಕಾಗದ, ಸ್ಕ್ಯಾನ್, ಆ ಮೂರು ಸಾಲಿನ ವಹಿ ಒಯ್ರಿ. ಮನಿಯವರಿಗೇ ತಡಕೊಳ್ಳಾಕ ಆಗದಿದ್ರ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕ ಫೋನ್ ಮಾಡ್ರಿ, ಕನ್ನಡದಾಗೇ ಮಾತಾಡ್ತಾರ.