ಪದಚರ್ಚೆ: ಪಿಟ್ಯುಟರಿ ಗಡ್ಡೆಯ ‘ಇನ್ವೇಸಿವ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಸು. ರಾ., ಬಸವನಗುಡಿ:

ಎಲ್ಲರಿಗೂ ನಮಸ್ಕಾರ. ನಾಳೆ ಮಧ್ಯಾಹ್ನದೊಳಗೆ ಪ್ರೆಸ್ಸಿಗೆ ಹೋಗಬೇಕು, ದಯವಿಟ್ಟು ಬೇಗ ಹೇಳಿ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಇರುವವರಿಗೆ, ಅವರ ಮನೆಯವರಿಗೆ ಆಸ್ಪತ್ರೆಯಲ್ಲಿ ಹಂಚುವ ಪುಸ್ತಿಕೆ ಇದು. ಗಡ್ಡೆ ಎಷ್ಟು ಇನ್ವೇಸಿವ್, ಅಂದರೆ ಅಕ್ಕಪಕ್ಕಕ್ಕೆ ಎಷ್ಟು ನುಗ್ಗಿದೆ ಎಂದು ಎಂಆರ್‌ಐಯಲ್ಲಿ ನೋಡಿ ದರ್ಜೆ ಕೊಡುತ್ತಾರೆ, ಆಪರೇಷನ್ ಆದಮೇಲೆ ರೋಗಿ ಹೇಗಿರಬಹುದು ಎಂದು ಅದರಿಂದ ಅಂದಾಜು ಮಾಡುತ್ತಾರೆ. ಮೊದಲ ಕರಡಿನಲ್ಲಿ ಯಾರೋ ‘ಆಕ್ರಮಣಕಾರಿ’ ಎಂದು ಹಾಕಿದ್ದಾರೆ. ಎರಡು ಸಾಲು ಕೆಳಗೆ ‘ಅಗ್ರೆಸಿವ್’ ಬರುತ್ತದೆ, ಅಲ್ಲೂ ಅದೇ ‘ಆಕ್ರಮಣಕಾರಿ’! ಎರಡಕ್ಕೂ ಬೇರೆ ಬೇರೆ ಪದ ಬೇಕೇ ಬೇಕು. ಆ ಅಂದಾಜಿಗೆ, ಅಂದರೆ ‘ಪ್ರಾಗ್ನೋಸಿಸ್’ಗೆ, ‘ಮುನ್ನರಿವು’ ನಡೆದೀತೇ?

ವೆಂ. ಶಾ., ಮಲ್ಲೇಶ್ವರ:

ಅತಿಕ್ರಾಮಕಪೀಯೂಷಗ್ರಂಥ್ಯರ್ಬುದ. ಒಂದೇ ಪದ, ಸಂಧಿ ಸಮೇತ. ‘ಪಿಟ್ಯುಟರಿ ಗಡ್ಡೆ’ ಅರಿಸಮಾಸಕ್ಕಿಂತಲೂ ಕಡೆ. ‘ಮುನ್ನರಿವು’ ಜ್ಯೋತಿಷಿಯ ಬೋರ್ಡಿಗೆ ಸರಿ. ಆಯುರ್ವೇದದಲ್ಲಿ ‘ಸಾಧ್ಯಾಸಾಧ್ಯತೆ’ ಎಂಬ ಮಾತು ಎಂದಿನಿಂದಲೂ ಇದೆ, ನೋಡಿಕೊಳ್ಳಿ.

ಕಿ. ಗೌ., ಎಲೆಕ್ಟ್ರಾನಿಕ್ ಸಿಟಿ:

ವೆಂ. ಶಾ. ಸಾರ್ ಕೊಟ್ಟ ಪದ ಓದುವಶ್ಟರಲ್ಲಿ ರೋಗಿಗೆ ಅರವಳಿಕೆಯೇ ಬೇಕಿಲ್ಲ. ನಮ್ಮದೇ ‘ಒತ್ತುವರಿ’ ಇದೆಯಲ್ಲ? ಕೆರೆ ಒತ್ತುವರಿ, ರಾಜಕಾಲುವೆ ಒತ್ತುವರಿ ಎಂದರೆ ಬೆಂಗಳೂರಿನಲ್ಲಿ ಯಾರಿಗೆ ತಿಳಿಯಲ್ಲ? 2022ರ ಮಳೆಗೆ ಬೆಳ್ಳಂದೂರಿನ ಕಡೆ ನೀರು ನುಗ್ಗಿದಾಗ ಕಂದಮ್ಮಗಳೂ ಕಲಿತ ಪದ. ಈ ಗಡ್ಡೆ ಮಾಡುವುದೂ ಅದನ್ನೇ, ಪಕ್ಕದವರ ಜಾಗ ನುಂಗುವುದು. ‘ಒತ್ತುವರಿ ಗಂತಿ’ ಎನ್ನಿ. ಸಕ್ಕದ ಬೇಕಿಲ್ಲ.

ಇನ್ನು ಪಿಟ್ಯುಟರಿಗೆ ಅವರಿಟ್ಟ ಹೆಸರು ಪೀಯೂಶ. ಅಮರಕೋಶದ ಪ್ರಕಾರ ಹಾಗಂದರೆ ಈಗತಾನೇ ಕರು ಹಾಕಿದ ಹಸುವಿನ ಹಾಲು. ಅಂದರೆ ಗಿಣ್ಣು. ‘ಗಿಣ್ಣುಗ್ರಂತಿ’ ಎಂದು ಅಚ್ಚು ಹಾಕಿಸುತ್ತೀರಾ?

ವೆಂ. ಶಾ.:

ಪೀಯೂಷಕ್ಕೆ ಅಮೃತವೆಂದೂ ಅರ್ಥವಿದೆ. ಅರ್ಧ ಓದುವ ಚಾಳಿ ಬಿಡಿ. ‘ಗ್ರಂತಿ’ ಅಲ್ಲ, ಗ್ರಂಥಿ. ಮಹಾಪ್ರಾಣ ತೆಗೆದರೆ ಪ್ರಾಣವೇನೂ ಉಳಿಯುವುದಿಲ್ಲ.

ಡಾ. ಅ., ಜಯನಗರ:

ನಾನು ಇದೇ ಆಪರೇಷನ್ ಮಾಡುವವನು, ಅಪರೂಪಕ್ಕೆ ಇಲ್ಲಿ ಬರೆಯುತ್ತೇನೆ. ‘ಒತ್ತುವರಿ’ ಕೇಳಲು ಸೊಗಸಾಗಿದೆ, ಆದರೆ ಓಪಿಡಿಯಲ್ಲಿ ಅನರ್ಥಕ್ಕೆ ದಾರಿ. ಗಡ್ಡೆ ಒತ್ತುವುದು ಬೇರೆ, ಹೊಗುವುದು ಬೇರೆ.

ಪಿಟ್ಯುಟರಿ ಕೂತಿರುವುದು ತಲೆಬುರುಡೆಯ ತಳದ ಮೂಳೆಯಲ್ಲಿರುವ ಸಣ್ಣ ಗುಳಿಯಲ್ಲಿ. ಆಕಾರ ನೋಡಿ ಹಳಬರು ಆ ಗುಳಿಗೆ ಟರ್ಕಿ ಕುದುರೆಯ ಜೀನು ಎಂದೇ ಹೆಸರಿಟ್ಟಿದ್ದಾರೆ. ಗಡ್ಡೆ ಮೇಲಕ್ಕೆ ಬೆಳೆದರೆ ಕಣ್ಣಿನ ನರಗಳು ಕೂಡುವ ಜಾಗವನ್ನು ಒತ್ತುತ್ತದೆ, ಎರಡೂ ಕಣ್ಣಿನ ಹೊರಪಕ್ಕದ ನೋಟ ಹೋಗುತ್ತದೆ. ‘ಪಕ್ಕದಿಂದ ಬರೋ ಸ್ಕೂಟರು ಕಾಣಲ್ಲ ಡಾಕ್ಟ್ರೇ’ ಅನ್ನುತ್ತಾರೆ. ಇಷ್ಟು ದೊಡ್ಡ ಗಡ್ಡೆಯೂ ಎಲ್ಲಿಗೂ ಹೊಗದೆ ಇರಬಹುದು, ಮೂಗಿನ ಮೂಲಕ ಹೋಗಿ ಪೂರ್ತಿ ತೆಗೆಯಲು ಆಗಬಹುದು. ಪಕ್ಕದಲ್ಲಿ ಕ್ಯಾವರ್ನಸ್ ಸೈನಸ್ ಎಂಬ ರಕ್ತ ತುಂಬಿದ ಜಾಗವಿದೆ, ಅದಕ್ಕೆ ಹೊಕ್ಕರೆ ಮಾತ್ರ ಕತೆ ಬೇರೆ. ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ನಾಳ ಅಲ್ಲೇ ಹಾಯುತ್ತದೆ, ಕಣ್ಣುಗುಡ್ಡೆ ಆಡಿಸುವ ನರಗಳೂ ಅಲ್ಲೇ. ಕೈ ಹಾಕಲು ಹಿಂಜರಿಯುವ ಜಾಗ.

1993ರಲ್ಲಿ ಬಂದ ಕ್ನೋಸ್ಪ್ ದರ್ಜೆ ಅಳೆಯುವುದು ಈ ಹೊಗುವಿಕೆಯನ್ನೇ. ಎಂಆರ್‌ಐಯಲ್ಲಿ ಕೆರೋಟಿಡ್‌ನ ಒಳ ಅಂಚಿಗೊಂದು, ನಡುವಿಗೊಂದು, ಹೊರ ಅಂಚಿಗೊಂದು ಗೆರೆ ಎಳೆದು ಗಡ್ಡೆ ಯಾವ ಗೆರೆ ದಾಟಿದೆ ಎಂದು ನೋಡುತ್ತೇವೆ. ಒಳಗೆರೆಯನ್ನೂ ದಾಟದಿದ್ದರೆ 0. ಹೊರಗೆರೆ ದಾಟಿದರೆ 3. ನಾಳವನ್ನು ಸುತ್ತಲೂ ತಬ್ಬಿಕೊಂಡಿದ್ದರೆ 4. ಆಮೇಲೆ 2015ರಲ್ಲಿ 3ನ್ನು ಎರಡು ಮಾಡಿದರು: ನಾಳದ ಮೇಲಿಂದ ಹೋದದ್ದು 3ಎ, ಕೆಳಗಿಂದ ಹೋದದ್ದು 3ಬಿ. ಚಿತ್ರದಲ್ಲಿ ಗೆರೆ ದಾಟಿದಂತೆ ಕಂಡರೂ ಸೈನಸ್ಸಿನ ಗೋಡೆಯನ್ನು ಬರೀ ದೂಡಿಕೊಂಡು ಹೋಗಿರಬಹುದು, ಆಪರೇಷನ್ನಿನಲ್ಲಿ ತೆರೆದು ನೋಡಿದಾಗಲೇ ತಿಳಿಯುವುದು. 3ಬಿಯಲ್ಲಿ ನಿಜವಾಗಿ ಹೊಕ್ಕಿರುವುದು 3ಎಗಿಂತ ಬಹಳ ಹೆಚ್ಚು. ದರ್ಜೆ ಏರಿದ ಹಾಗೆ ಪೂರ್ತಿ ತೆಗೆಯುವ ಆಸೆ ಇಳಿಯುತ್ತದೆ, 4ರಲ್ಲಿ ಒಂದಿಷ್ಟು ಉಳಿದೇ ಉಳಿಯುತ್ತದೆ ಎಂದು ಮೊದಲೇ ಹೇಳಿಬಿಡುತ್ತೇವೆ.

ಹೊಕ್ಕಿದ್ದೆಲ್ಲ ಅಗ್ರೆಸಿವ್ ಅಲ್ಲ. ಬೇಗ ಬೆಳೆಯುವುದು, ತೆಗೆದರೂ ಮತ್ತೆ ಬರುವುದು, ಔಷಧಿಗೆ ಜಗ್ಗದಿರುವುದು, ಇದು ಅಗ್ರೆಸಿವ್. ಹೊಕ್ಕಿರುವುದನ್ನು ಸ್ಕ್ಯಾನ್ ತೋರಿಸುತ್ತದೆ, ಸ್ವಭಾವವನ್ನು ಕಾಲ ತೋರಿಸಬೇಕು. ಸ್ವಲ್ಪ ಸುಳಿವು ಪೆಥಾಲಜಿಯವರಿಂದ ಸಿಗುತ್ತದೆ: ಕೋಶಗಳು ಎಷ್ಟು ಒಡೆಯುತ್ತಿವೆ, ಅದನ್ನು ಅಳೆಯುವ ಕೆಐ-67 ಶೇ 3 ಮುಟ್ಟಿದೆಯೇ ಎಂದು. 2013ರಲ್ಲಿ ಫ್ರಾನ್ಸಿನ ತಂಡ ಎರಡನ್ನೂ ಕೂಡಿಸಿ ವಿಂಗಡಣೆ ಮಾಡಿತು. ಹೊಕ್ಕಿದೆ, ಕೋಶಗಳೂ ಜೋರಾಗಿ ಹೆಚ್ಚುತ್ತಿವೆ ಎಂದಾದರೆ ಆ ವಿಂಗಡಣೆಯಲ್ಲಿ 2ಬಿ. ಇಂಥವರನ್ನು ನಾವು ಕಣ್ಣು ತಪ್ಪಿಸದೆ ಕಾಯುತ್ತೇವೆ. ಇನ್ನು ಪ್ರೊಲ್ಯಾಕ್ಟಿನ್ ಹಾರ್ಮೋನು ಸುರಿಸುವ ಗಡ್ಡೆ ಎಷ್ಟೇ ಹೊಕ್ಕಿದ್ದರೂ ಬಹಳಷ್ಟು ಜನರಿಗೆ ಕ್ಯಾಬರ್ಗೊಲಿನ್ ಮಾತ್ರೆಗೇ ಕುಗ್ಗುತ್ತದೆ. ಹೆರದ ಹೆಂಗಸರಿಗೂ ಎದೆಹಾಲು ಬರಿಸುವ ಗಡ್ಡೆ ಅದು, ಹಾಗಾಗಿ ಗಿಣ್ಣಿನ ಮಾತು ಪೂರಾ ತಮಾಷೆಯಲ್ಲ.

ಸು. ರಾ. ಮೇಡಂ, ಎರಡು ವಿಷಯ. ಅರ್ಬುದ ಬೇಡ, ಪತ್ರಿಕೆ ಓದುವವರಿಗೆ ಅದು ಕ್ಯಾನ್ಸರ್. ಗಂತಿಯೂ ಬೇಡ, ಏಡಿಗಂತಿ ನೆನಪಾಗುತ್ತದೆ, ಅದೂ ಕ್ಯಾನ್ಸರೇ. ಹಾಗೇ ಎಲ್ಲಾದರೂ ‘ನಾಲ್ಕನೇ ಹಂತ’ ಎಂದಿದ್ದರೆ ಈಗಲೇ ಹೊಡೆದುಹಾಕಿ. ದರ್ಜೆ 4 ಎಂದರೆ ಕ್ಯಾನ್ಸರಿನ ನಾಲ್ಕನೇ ಸ್ಟೇಜ್ ಅಲ್ಲ. ‘ನಾಲ್ಕನೇ ಸ್ಟೇಜಂತೆ, ಊರಿಗೆ ಕರ್ಕೊಂಡು ಹೋಗ್ತೀವಿ’ ಎಂದು ಫೈಲು ಎತ್ತಿಕೊಂಡು ಎದ್ದವರನ್ನು ಕೂರಿಸಿ ಮಾತಾಡಿದ್ದೇನೆ.

ಕಿ. ಗೌ.:

ಸರಿ ಡಾಕ್ಟ್ರೇ, ಒತ್ತುವರಿ ಬಿಟ್ಟೆ. ‘ಹೊಕ್ಕ ಗಡ್ಡೆ’? ‘ನುಗ್ಗುಗಡ್ಡೆ’?

ವೆಂ. ಶಾ.:

‘ಹೊಕ್ಕ ಗಡ್ಡೆ’ ಗಮಕಸಮಾಸ, ಕೇಶಿರಾಜನ ತಕರಾರಿಲ್ಲ. ನನಗಿದೆ. ಎಲ್ಲಿಗೆ ಹೊಕ್ಕದ್ದು? ಆಕಾಂಕ್ಷೆ ತೀರಲಿಲ್ಲ. ‘ನುಗ್ಗುಗಡ್ಡೆ’ ತರಕಾರಿ ಅಂಗಡಿಯ ಮಾಲು. ‘ಪಿಟ್ಯುಟರಿ’ಗೂ ನನ್ನ ಒಪ್ಪಿಗೆ ಇಲ್ಲ. ಲ್ಯಾಟಿನ್ನಿನಲ್ಲಿ ಅದರ ಮೂಲ ಕಫ. ಮಿದುಳಿನ ಕಫ ಈ ಗ್ರಂಥಿಯಿಂದ ಮೂಗಿಗೆ ಇಳಿಯುತ್ತದೆ ಎಂದು ಪ್ರಾಚೀನ ಗ್ರೀಕ್ ವೈದ್ಯ ಗೇಲನ್ ನಂಬಿದ್ದ. ಆ ಪೊಳ್ಳು ನಂಬಿಕೆಯ ಹೆಸರನ್ನು ನಾವೇಕೆ ಹೊರಬೇಕು?

ನಾ. ಭ., ಬನಶಂಕರಿ:

ಹೊರಬೇಕು, ಏಕೆಂದರೆ ರಿಪೋರ್ಟಿನಲ್ಲಿ ಅದೇ ಇದೆ. ರೋಗಿ ರಿಪೋರ್ಟನ್ನೂ ಪುಸ್ತಿಕೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದುತ್ತಾನೆ. ಬಿಪಿ, ಶುಗರ್, ಥೈರಾಯ್ಡ್ ಎನ್ನುವ ಜನಕ್ಕೆ ಪೀಯೂಷ ಯಾರು ಕಲಿಸುತ್ತಾರೆ? ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಎಂದು ಕಾನೂನು ತಂದೆವು, ಅದನ್ನು ಓದಿಸಿಕೊಳ್ಳುವ ಕನ್ನಡ ಮಾಡಲಿಲ್ಲ. ವೈದ್ಯರೇನು ಕಮ್ಮಿ? 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಈ ಗಡ್ಡೆಗಿದ್ದ ‘ಅಡಿನೋಮಾ’ ಹೆಸರು ಹೋಗಿ ‘ಪಿಟ್‌ನೆಟ್’ (ಪಿಟ್ಯುಟರಿ ನ್ಯೂರೋಎಂಡೋಕ್ರೈನ್ ಟ್ಯೂಮರ್) ಬಂತು. ಸುಮ್ಮನಿದ್ದ ಗಡ್ಡೆಗೆ ಕ್ಯಾನ್ಸರಿನ ಛಾಯೆ ಬರುತ್ತದೆ ಎಂದು ಅವರಲ್ಲೇ ದೊಡ್ಡ ರಂಪ.

ವೆಂ. ಶಾ.:

ಹಾಗಾದರೆ ಇಡೀ ಪುಸ್ತಿಕೆಯನ್ನು ಇಂಗ್ಲಿಷಿನಲ್ಲೇ ಹಾಕಿ. ಅಕ್ಷರವಾದರೂ ಕನ್ನಡದ್ದಿರಲಿ ಎಂದು ಸಮಾಧಾನ ಪಟ್ಟುಕೊಳ್ಳೋಣ.

ಸು. ರಾ.:

ಎಲ್ಲರಿಗೂ ವಂದನೆ. ಸದ್ಯಕ್ಕೆ ಹೀಗೆ ಮಾಡಿದ್ದೇನೆ:

‘ಪಿಟ್ಯುಟರಿ ಗಡ್ಡೆ ತನ್ನ ಗುಳಿಯೊಳಗೇ ಇದೆಯೇ, ಪಕ್ಕದ ರಕ್ತನಾಳದ ಜಾಗಕ್ಕೆ ಹೊಕ್ಕಿದೆಯೇ ಎಂದು ಸ್ಕ್ಯಾನಿನಲ್ಲಿ ನೋಡಿ 0ಯಿಂದ 4ರವರೆಗೆ ದರ್ಜೆ ಕೊಡುತ್ತಾರೆ. ಇದು ಕ್ಯಾನ್ಸರಿನ ಹಂತವಲ್ಲ. ಪಕ್ಕಕ್ಕೆ ಹೊಕ್ಕ ಗಡ್ಡೆಯನ್ನು ಪೂರ್ತಿ ತೆಗೆಯುವುದು ಕಷ್ಟ. ಆದ್ದರಿಂದ ಆಪರೇಷನ್ ಆದಮೇಲೂ ಔಷಧಿ, ರೇಡಿಯೇಷನ್ ಅಥವಾ ಇನ್ನೊಂದು ಆಪರೇಷನ್ ಬೇಕಾಗಬಹುದು.’

ಅಗ್ರೆಸಿವ್‌ಗೆ ‘ಹಟಮಾರಿ ಗಡ್ಡೆ’. ಪ್ರಾಗ್ನೋಸಿಸ್ ಪದವನ್ನೇ ಕೈಬಿಟ್ಟು ‘ಮುಂದೆ ಹೇಗಿರುತ್ತದೆ’ ಎಂದು ತಲೆಬರಹ ಕೊಟ್ಟೆ. ಆದರೆ ಆರನೇ ಪುಟದಲ್ಲಿ ‘ಮಿನಿಮಲಿ ಇನ್ವೇಸಿವ್ ಸರ್ಜರಿ’ (ಆದಷ್ಟು ಕಡಿಮೆ ಕೊಯ್ದು ಮಾಡುವ ಆಪರೇಷನ್) ಇದೆ! ಅಲ್ಲಿ ‘ಹೊಕ್ಕ’ ಹಾಕಿದರೆ ನಗೆಪಾಟಲು.

ಡಾ. ಅ.:

‘ಹಟಮಾರಿ’ ಚೆನ್ನಾಗಿದೆ, ನಾನೂ ಬಳಸುತ್ತೇನೆ. ಅಲ್ಲಿ ‘ಮೂಗಿನ ಮೂಲಕ ಮಾಡುವ ಆಪರೇಷನ್’ ಅನ್ನಿ. ಅವರು ಕೇಳುವುದೇ ‘ತಲೆ ಕೊಯ್ತೀರಾ’ ಅಂತ.

ವೆಂ. ಶಾ.:

ನಾಸಾಮಾರ್ಗ ಶಸ್ತ್ರಕ್ರಿಯೆ.

ಕಿ. ಗೌ.:

ಮೂಗು ಅನ್ನೋಕೆ ಏನು ಕಶ್ಟ ಸಾರ್?